ಎಷ್ಟು ದೂರ ಓಡಿಸಿದಿರಿ?

ಸಂಜೆ ಏಳರ ಹೊತ್ತು. ಚಿಕ್ಕಪೇಟೆಯಲ್ಲಿ ಸೀರೆ ಕೊಟ್ಟು, ಹಿಂದಿನ ಸೀಟಿನ ತುಂಬ ನೂಲಿನ ಗಂಟು ಹೇರಿಕೊಂಡು ದೊಡ್ಡಬಳ್ಳಾಪುರಕ್ಕೆ ವಾಪಸ್ ಬರುತ್ತಿದ್ದೆವು. ರಾಜಾನುಕುಂಟೆ ದಾಟಿ ಸ್ವಲ್ಪ ದೂರ ಬಂದಿರಬೇಕು, ಎಂಜಿನ್ ಒಳಗಿಂದ ಟಕ್ ಟಕ್ ಟಕ್ ಅಂತ ಸದ್ದು ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಜೋರು, ಬಿಟ್ಟರೆ ಮೆಲ್ಲಗೆ.

ನಾವು ಅಂದರೆ ಅಣ್ಣ ಮತ್ತು ತಂಗಿ. ಇದನ್ನು ಇಬ್ಬರೂ ಕೂತೇ ಬರೆಯುತ್ತಿದ್ದೇವೆ. ಅವತ್ತು ಸ್ಟೀರಿಂಗ್ ಹಿಡಿದಿದ್ದವರು ಯಾರು ಅಂತ ಕೇಳಬೇಡಿ. ಒಬ್ಬರು ಓಡಿಸಿದೆವು, ಇನ್ನೊಬ್ಬರು "ನಿಲ್ಲಿಸು" ಅನ್ನಲಿಲ್ಲ. ತಪ್ಪು ಇಬ್ಬರದ್ದೂ.

ಕಾರು 1984ರ ಅಂಬಾಸಿಡರ್, ಮಾರ್ಕ್ 4, ಪೆಟ್ರೋಲ್. ಅಪ್ಪ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ಸೀರೆ ಹೋಗುವುದೂ ನೂಲು ಬರುವುದೂ ಈ ಕಾರಿನಲ್ಲೇ. ಘಾಟಿ ಜಾತ್ರೆಗೆ ನೆಂಟರನ್ನೆಲ್ಲ ತುಂಬಿಕೊಂಡು ಹೋಗಿದ್ದೂ ಇದರಲ್ಲೇ, ಅಮ್ಮನಿಗೆ ರಾತ್ರೋರಾತ್ರಿ ಎದೆನೋವು ಬಂದಾಗ ಆಸ್ಪತ್ರೆ ಮುಟ್ಟಿಸಿದ್ದೂ ಇದೇ.

ಆಯಿಲ್ ಒತ್ತಡ ತೋರಿಸುವ ಮುಳ್ಳು ಎಂದೋ ಕೆಟ್ಟಿತ್ತು. ಅದರ ಬದಲು ಎಲೆಕ್ಟ್ರಿಷಿಯನ್ ಹತ್ತಿರ ಒಂದು ಕೆಂಪು ದೀಪ ಹಾಕಿಸಿದ್ದೆವು. ಅವತ್ತು ಯಲಹಂಕದ ಸಿಗ್ನಲ್‌ನಲ್ಲಿ ಆ ದೀಪ ಮಿಣುಕ್ ಮಿಣುಕ್ ಅಂದಿತ್ತು. ಗಾಡಿ ಹೊರಟ ಕೂಡಲೇ ಆರಿತು. "ವೈರ್ ಲೂಸ್ ಇರಬೇಕು" ಅಂದುಕೊಂಡೆವು. ರಾಜಾನುಕುಂಟೆ ಆದ ಮೇಲೆ ಸದ್ದು ಬಂದಾಗ "ಟ್ಯಾಪೆಟ್ ಇರಬೇಕು" ಅಂದುಕೊಂಡೆವು. ಕತ್ತಲಾಗಿತ್ತು, ಗಾಡಿಯಲ್ಲಿ ನೂಲಿತ್ತು, ಊರು ಇನ್ನೇನು ಹತ್ತಿರ ಅನ್ನಿಸಿತು.

ಮಾರಸಂದ್ರ ದಾಟಿದೆವು. ದೀಪ ಈಗ ಆರಲೇ ಇಲ್ಲ. ಸದ್ದು ಟಕ್ ಟಕ್ ಹೋಗಿ ದಡ್ ದಡ್ ಆಯಿತು. ಊರು ಇನ್ನು ಎರಡು ಮೂರು ಕಿಲೋಮೀಟರ್ ಇರುವಾಗ ಗಾಡಿ ಎಳೆಯುವುದನ್ನೇ ಬಿಟ್ಟಿತು. ನಿಲ್ಲಿಸಿ ಡಿಪ್ ಸ್ಟಿಕ್ ಎಳೆದು ನೋಡಿದರೆ ತುದಿಯಲ್ಲಿ ಒಂದು ಹನಿ. ಎಂಜಿನ್‌ನಲ್ಲಿ ನಾಲ್ಕು ಲೀಟರಿನಷ್ಟು ಆಯಿಲ್ ಇರಬೇಕು. ಮಾರನೇ ದಿನ ಬಿಚ್ಚಿದಾಗ ಒಂದೂವರೆ ಲೀಟರ್ ಕೂಡ ಬರಲಿಲ್ಲ.

ಎಲ್ಲಿಗೆ ಹೋಯಿತು ಆಯಿಲ್? ಅದೂ ನಮಗೆ ಗೊತ್ತಿತ್ತು. ತಿಂಗಳಿಂದ ಕಾರಿನ ಕೆಳಗೆ ಕಪ್ಪು ಕಲೆ ಬೀಳುತ್ತಿತ್ತು. ಅಮ್ಮ ಬೈಯುತ್ತಾರೆ ಅಂತ ಒಂದು ರಟ್ಟು ಹಾಸಿದ್ದೆವು. ಕಲೆ ಮುಚ್ಚಿದೆವು, ಆಯಿಲ್ ತುಂಬಲಿಲ್ಲ.

ಪರಿಚಯದವರ ಟೆಂಪೋಗೆ ಹಗ್ಗ ಕಟ್ಟಿ ಮನೆಗೆ ಎಳೆಸಿಕೊಂಡು ಬಂದೆವು. ಅಪ್ಪ ಮಗ್ಗದ ಶೆಡ್ಡಿಂದ ಎದ್ದು ಬಂದರು. ಬಾನೆಟ್ ಕೂಡ ಎತ್ತಿಸಲಿಲ್ಲ. ಒಂದೇ ಮಾತು ಕೇಳಿದರು.

"ಸದ್ದು ಬಂದ್ ಮೇಲೆ ಎಷ್ಟು ದೂರ ಓಡ್ಸಿದ್ರಿ?"

"ಒಂದ್ ಕಿಲೋಮೀಟ್ರು ಇರ್ಬೋದು" ಅಂದೆವು.

ಹದಿನಾಲ್ಕು ಕಿಲೋಮೀಟರ್ ಆಗಿತ್ತು.

ಮಗ್ಗದಲ್ಲೂ ಒಂದು ಕ್ರ್ಯಾಂಕ್ ಇದೆ

ಕ್ರ್ಯಾಂಕ್‌ಶಾಫ್ಟ್ ಅಂದರೆ ಏನು ಅಂತ ದೊಡ್ಡಬಳ್ಳಾಪುರದವರಿಗೆ ಹೇಳುವುದು ಸುಲಭ. ಪವರ್‌ಲೂಮ್‌ನ ಮೇಲಿನ ಶಾಫ್ಟ್ ನೋಡಿ. ಅದು ಬಗ್ಗಿದ ಶಾಫ್ಟು. ಮೋಟರು ಅದನ್ನು ತಿರುಗಿಸುತ್ತದೆ. ಅದಕ್ಕೆ ಕಟ್ಟಿದ ತೋಳು ಹಣಿಗೆ ಇರುವ ಹಲಗೆಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸುತ್ತದೆ. ಒಂದು ಸುತ್ತಿಗೆ ಒಂದು ಹೊಕ್ಕು. ಕೆಳಗಿನ ಶಾಫ್ಟು ಅದರ ಅರ್ಧ ವೇಗದಲ್ಲಿ ತಿರುಗುತ್ತದೆ.

ಕಾರಿನ ಎಂಜಿನ್‌ನಲ್ಲಿ ಇದೇ ಕೆಲಸ ತಿರುಗಾಮುರುಗಾ. ಪೆಟ್ರೋಲ್ ಉರಿದು ಪಿಸ್ಟನ್ ಕೆಳಗೆ ಬರುತ್ತದೆ. ಕನೆಕ್ಟಿಂಗ್ ರಾಡ್ ಅನ್ನೋ ತೋಳು ಕ್ರ್ಯಾಂಕನ್ನು ತಳ್ಳುತ್ತದೆ. ಮೇಲೆ ಕೆಳಗೆ ಆಡುವುದು ಸುತ್ತುವುದಾಗಿ ಬದಲಾಗಿ ಚಕ್ರಕ್ಕೆ ಹೋಗುತ್ತದೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್, ಮಗ್ಗದ ಕೆಳಗಿನ ಶಾಫ್ಟಿನ ಹಾಗೆಯೇ, ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಚಿಕ್ಕವರಿದ್ದಾಗ ಅಪ್ಪ ನಮಗೆ ಕಾರಿನ ಎಂಜಿನ್ ಹೇಳಿಕೊಟ್ಟಿದ್ದು ಮಗ್ಗ ತೋರಿಸಿಯೇ.

ವ್ಯತ್ಯಾಸ ಇರುವುದು ವೇಗದಲ್ಲಿ. ನಮ್ಮ ಮಗ್ಗದ ಕ್ರ್ಯಾಂಕ್ ನಿಮಿಷಕ್ಕೆ ನೂರಿಪ್ಪತ್ತರ ಆಸುಪಾಸು ಸುತ್ತುತ್ತದೆ. ಅಂಬಾಸಿಡರ್ ಟಾಪ್ ಗೇರಿನಲ್ಲಿ ಒಂದು ಕಿಲೋಮೀಟರ್ ಹೋಗಬೇಕಾದರೆ ಅದರ ಕ್ರ್ಯಾಂಕ್ 2,000ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಹದಿನಾಲ್ಕು ಕಿಲೋಮೀಟರಿಗೆ ಲೆಕ್ಕ ಹಾಕಿ. ಕಡಿಮೆ ಅಂದರೂ 28,000 ಸುತ್ತು. ಅಷ್ಟೂ ಸುತ್ತು ಸರಿಯಾದ ಆಯಿಲ್ ಇಲ್ಲದೆ.

ಆಯಿಲ್ ಯಾಕೆ ಅಷ್ಟು ಮುಖ್ಯ? ಕ್ರ್ಯಾಂಕಿನ ನುಣುಪಾದ ಜಾಗಗಳಿಗೆ ಜರ್ನಲ್ ಅನ್ನುತ್ತಾರೆ. ಎಂಜಿನ್ ಬ್ಲಾಕಿನಲ್ಲಿ ಕೂರುವುದು ಮೇನ್ ಜರ್ನಲ್, ಕನೆಕ್ಟಿಂಗ್ ರಾಡ್ ಹಿಡಿಯುವುದು ಪಿನ್. ಇವುಗಳ ಸುತ್ತ ಅರ್ಧಚಂದ್ರದ ಆಕಾರದ ಬೇರಿಂಗ್ ಶೆಲ್ ಇರುತ್ತವೆ. ಪಿನ್ನಿಗೂ ಶೆಲ್ಲಿಗೂ ನಡುವೆ ತಲೆಗೂದಲಿನಷ್ಟು ಸಂದಿ. ಆ ಸಂದಿಗೆ ಪಂಪು ಒತ್ತಡದಲ್ಲಿ ಆಯಿಲ್ ಕಳಿಸುತ್ತದೆ. ಎಂಜಿನ್ ಓಡುವಾಗ ಕ್ರ್ಯಾಂಕ್ ಆ ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ, ಕಬ್ಬಿಣಕ್ಕೆ ಲೋಹ ತಾಕುವುದೇ ಇಲ್ಲ. ಆಯಿಲ್ ತಪ್ಪಿದರೆ ಮೆತ್ತನೆಯ ಶೆಲ್ ಮೊದಲು ಉಜ್ಜಿ ಹೋಗುತ್ತದೆ. ಸಂದಿ ದೊಡ್ಡದಾಗುತ್ತದೆ. ರಾಡು ಪಿನ್ನಿಗೆ ಸುತ್ತಿಗೆಯ ಹಾಗೆ ಬಡಿಯುತ್ತದೆ. ನಾವು ಟ್ಯಾಪೆಟ್ ಅಂದುಕೊಂಡ ಸದ್ದು ಅದೇ.

ಹತ್ತೊಂಬತ್ತು ದಿನದ ರಿಪೇರಿ

ಮಾರನೇ ದಿನ ಊರಿನ ಮೆಕ್ಯಾನಿಕ್ ಬಂದರು. ಕೆಳಗೆ ಮಲಗಿ ಸಂಪ್ ಬಿಚ್ಚಿದರು. ಮೂರನೇ ಪಿನ್ನಿನ ಶೆಲ್ ತಗಡಿನ ಚೂರಾಗಿತ್ತು. ಪಿನ್ನಿನ ಮೇಲೆ ಉಗುರು ಆಡಿಸಿದರು, ಗೆರೆ ತಾಕಿತು. ಅವರೂ ಕೇಳಿದರು, ಎಷ್ಟು ದೂರ ಓಡ್ಸಿದ್ರಿ ಅಂತ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ನಾವು ಮತ್ತೆ ಅದನ್ನೇ ಹೇಳಿದೆವು. ಒಂದು ಕಿಲೋಮೀಟರ್.

"ಒಂದ್ ಕಿಲೋಮೀಟ್ರು ಅಂದ್ರೆ ಮೇಲ್ ಮೇಲೆ ಆಗಿರತ್ತೆ. ಕ್ರ್ಯಾಂಕ್ ಇಳಿಸೋದು ಬೇಡ. ಎಮರಿ ಹಿಡ್ದು ಹೊಸ ಶೆಲ್ ಹಾಕ್ತೀನಿ" ಅಂದರು. ನಾವು ಹೇಳಿದ ಲೆಕ್ಕಕ್ಕೆ ಅವರು ಹೇಳಿದ ಔಷಧಿ ಸರಿಯಾಗಿಯೇ ಇತ್ತು. ಡಾಕ್ಟರ ಹತ್ತಿರ ಹೋಗಿ ಮೂರು ದಿನದ ಜ್ವರವನ್ನು ನಿನ್ನೆ ರಾತ್ರಿಯಿಂದ ಅಂತ ಹೇಳಿದ ಹಾಗೆ.

ಶೆಲ್ ಹಾಕಿದರು. ಆಯಿಲ್ ಸೋರುತ್ತಿದ್ದ ಕಡೆ ಪ್ಯಾಕಿಂಗ್ ಬದಲಿಸಿದರು. ಗಾಡಿ ಸ್ಟಾರ್ಟ್ ಆಯಿತು, ಸದ್ದಿಲ್ಲ. ನಮಗೆ ಎಷ್ಟು ಖುಷಿ ಅಂದರೆ, ಸುಳ್ಳು ಹೇಳಿದ್ದೂ ಮರೆತು ಹೋಯಿತು.

ಹತ್ತೊಂಬತ್ತನೇ ದಿನ ಅದೇ ಟಕ್ ಟಕ್ ವಾಪಸ್ ಬಂತು. ಈ ಸಲ ಕಾರು ಮನೆ ಮುಂದೆಯೇ ಇತ್ತು. ಅಪ್ಪ ಮಗ್ಗದ ಸದ್ದಿನ ನಡುವೆ ಕೂತೇ ಅದನ್ನು ಕೇಳಿಸಿಕೊಂಡರು. ಹೊರಗೆ ಬಂದು "ಬಂದ್ ಮಾಡ್ರೋ" ಅಂದರು. ಮಗ್ಗದವರ ಕಿವಿ ಹಾಗೆಯೇ. ನಾಲ್ಕು ಮಗ್ಗ ಓಡುವಾಗ ಒಂದರ ಸದ್ದು ಬದಲಾದರೆ ಸಾಕು, ಕೈ ತಾನಾಗಿ ಆ ಮಗ್ಗ ನಿಲ್ಲಿಸಲು ಹೋಗುತ್ತದೆ. ನಿಲ್ಲಿಸದಿದ್ದರೆ ನೂರಾರು ಎಳೆ ಕಿತ್ತುಹೋಗುತ್ತವೆ ಅಂತ ಗೊತ್ತು.

ಎರಡು ವಾರದ ಮಗ್ಗದ ಆದಾಯ ಆ ಮೊದಲ ರಿಪೇರಿಗೆ ಹೋಗಿತ್ತು.

ಅಳತೆಗೆ ಸಿಕ್ಕಿಬಿದ್ದೆವು

ಈ ಸಲ ಎಂಜಿನ್ ಇಳಿಸಿದರು. ಕ್ರ್ಯಾಂಕನ್ನು ಗೋಣಿಯಲ್ಲಿ ಸುತ್ತಿಕೊಂಡು ಅಪ್ಪನೂ ನಾವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಜೆ.ಸಿ. ರಸ್ತೆ, ಕಲಾಸಿಪಾಳ್ಯದ ಕಡೆ ವಾಹನದ ಸಾಮಾನು, ಲೇತ್, ಗ್ರೈಂಡಿಂಗ್ ಕೆಲಸ ಎಲ್ಲಾ ಸಿಗುತ್ತದೆ. ಒಂದು ಗಲ್ಲಿಯೊಳಗಿನ ಗ್ರೈಂಡಿಂಗ್ ಶಾಪಿನಲ್ಲಿ ವಯಸ್ಸಾದ ಮಿಸ್ತ್ರಿಯೊಬ್ಬರು ಗೋಣಿ ಬಿಚ್ಚಿದರು.

ಅವರು ಮೊದಲು ಏನನ್ನೂ ಕೇಳಲಿಲ್ಲ. ಮೈಕ್ರೋಮೀಟರ್ ತೆಗೆದು ಅಳೆಯತೊಡಗಿದರು. ಒಂದು ಪಿನ್ನನ್ನು ಒಂದು ಕಡೆ ಅಳೆದರೆ ಸಾಲದು. ಮೇಲೆ ಕೆಳಗೆ ಒಂದು, ಅಡ್ಡ ಒಂದು, ಎಡ ತುದಿ, ಬಲ ತುದಿ. ಎರಡು ಅಳತೆ ಬೇರೆ ಬಂದರೆ ಪಿನ್ ಮೊಟ್ಟೆಯಾಕಾರ ಆಗಿದೆ ಅಂತ ಅರ್ಥ. ಈ 1489 ಸಿಸಿ ಎಂಜಿನ್ನಿನ ಪಿನ್ ಹೊಸದಿದ್ದಾಗ ಸುಮಾರು 47.6 ಮಿಲಿಮೀಟರ್, ಮೇನ್ ಜರ್ನಲ್ ಎರಡು ಇಂಚು, ಅಂದರೆ 50.8 ಮಿಲಿಮೀಟರ್.

ನಮ್ಮ ಕ್ರ್ಯಾಂಕ್ ಹಿಂದೆಯೇ ಒಮ್ಮೆ ಉಜ್ಜಿಸಿದ್ದು. ಹಳೇ ಶೆಲ್ಲಿನ ಬೆನ್ನಿನ ಮೇಲೆ 20 ಅಂತ ಇತ್ತು. ಇದನ್ನು ಎಲ್ಲರೂ ತಿಳಿದಿರಬೇಕು. ಕ್ರ್ಯಾಂಕ್ ಸವೆದರೆ ಅದನ್ನು ಗ್ರೈಂಡ್ ಮಾಡಿ ಸಣ್ಣ ಮಾಡುತ್ತಾರೆ, ಅದಕ್ಕೆ ತಕ್ಕ ದಪ್ಪ ಶೆಲ್ ಹಾಕುತ್ತಾರೆ. ಹತ್ತು ಸೈಜ್ ಅಂದರೆ ಇಂಚಿನ ಸಾವಿರದಲ್ಲಿ ಹತ್ತು ಭಾಗ, ಸುಮಾರು 0.25 ಮಿಲಿಮೀಟರ್ ಕಮ್ಮಿ. ಆಮೇಲೆ ಇಪ್ಪತ್ತು, ಮೂವತ್ತು, ನಲವತ್ತು. ಈ ಎಂಜಿನ್ನಿಗೆ ನಲವತ್ತು ಕೊನೆ. ಅಂದರೆ ಒಂದು ಕ್ರ್ಯಾಂಕಿಗೆ ನಾಲ್ಕೇ ಸಲ ಕ್ಷಮೆ. ನಮ್ಮದಕ್ಕೆ ಎರಡು ಬಾಕಿ ಇತ್ತು.

ಮೂರನೇ ಪಿನ್ ಹತ್ತಿರ ಮಿಸ್ತ್ರಿಯ ಕೈ ನಿಂತಿತು. ಬೆಳಕಿಗೆ ಹಿಡಿದು ನಮ್ಮನ್ನೆಲ್ಲ ಕರೆದು ತೋರಿಸಿದರು. ಪಿನ್ನಿನ ಅಂಚಿನಲ್ಲಿ ನೀಲಿ ಬಣ್ಣ. ಉಕ್ಕು ಕಾದು ಸುಟ್ಟಾಗ ಬರುವ ಬಣ್ಣ ಅದು.

"ಎಷ್ಟ್ ದೂರ ಓಡ್ಸಿದೀರಿ ಇದನ್ನ?"

ಈ ಸಲ ಅಪ್ಪನೇ ಹೇಳಿದರು. "ಒಂದ್ ಕಿಲೋಮೀಟ್ರಂತೆ."

ಮಿಸ್ತ್ರಿ ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದರು. "ಇದು ಒಂದ್ ಕಿಲೋಮೀಟ್ರ್ ಕೆಲ್ಸ ಅಲ್ಲ ಸ್ವಾಮಿ" ಅಂದು ಸುಮ್ಮನಾದರು. ಅಪ್ಪ ನಮ್ಮ ಕಡೆ ತಿರುಗಲೇ ಇಲ್ಲ. ತಿರುಗಿದ್ದರೆ ವಾಸಿಯಿತ್ತು.

ಆಮೇಲೆ ಬಿರುಕಿನ ಪರೀಕ್ಷೆ. ಕ್ರ್ಯಾಂಕಿಗೆ ಆಯಸ್ಕಾಂತದ ಶಕ್ತಿ ಹರಿಸಿ, ಕಬ್ಬಿಣದ ಸಣ್ಣ ಪುಡಿ ಬೆರೆಸಿದ ದ್ರವ ಸುರಿಯುತ್ತಾರೆ. ಬಿರುಕು ಇರುವ ಕಡೆ ಪುಡಿ ಸಾಲಾಗಿ ನಿಲ್ಲುತ್ತದೆ. ನಮ್ಮ ಮೂರನೇ ಪಿನ್ನಿನ ಮೂಲೆಯಲ್ಲಿ ರೇಷ್ಮೆ ಎಳೆಯಂಥ ಒಂದು ಗೆರೆ ಮೂಡಿತು. ಕಣ್ಣಿಗೆ ಕಾಣದಿದ್ದ ಗೆರೆ.

ಬಿರುಕು ಬಿಟ್ಟ ಕ್ರ್ಯಾಂಕನ್ನು ಗ್ರೈಂಡ್ ಮಾಡಿ ಪ್ರಯೋಜನವಿಲ್ಲ. ಮೇಲಿನ ಪದರ ನುಣುಪಾಗುತ್ತದೆ, ಬಿರುಕು ಒಳಗೆ ಬೆಳೆಯುತ್ತಲೇ ಇರುತ್ತದೆ. ಓಡುವಾಗ ಮುರಿದರೆ ರಾಡು ಬ್ಲಾಕನ್ನೇ ತೂತು ಮಾಡಿಕೊಂಡು ಹೊರಗೆ ಬರಬಹುದು. ಆಗ ಎಂಜಿನ್ನೇ ಗುಜರಿಗೆ. "ಮೊದಲ್ನೇ ಸಲಾನೇ ಇಳಿಸಿ ತಂದಿದ್ರೆ ಮೂವತ್ತಕ್ಕೆ ಹೊಡ್ದು ಕೊಡ್ತಿದ್ನೇನೋ" ಅಂದರು ಮಿಸ್ತ್ರಿ.

ಬಸ್ಸಿನಲ್ಲಿ ಹದಿನಾಲ್ಕು ಕಿಲೋಮೀಟರ್

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತರು. ಯಲಹಂಕ ದಾಟುವವರೆಗೂ ಮಾತಿಲ್ಲ. ರಾಜಾನುಕುಂಟೆ ಬಂದಾಗ ಕೇಳಿದರು.

"ಎಲ್ಲಿ ಶುರುವಾಯ್ತು ಸದ್ದು?"

ಸ್ವಲ್ಪ ಮುಂದೆ ಹೋದ ಮೇಲೆ, "ಇಲ್ಲಿ" ಅಂದೆವು.

"ಹೂಂ" ಅಂದರು. ಅಲ್ಲಿಂದ ಕಿಟಕಿಯಾಚೆ ನೋಡುತ್ತಲೇ ಕೂತರು. ಮಾರಸಂದ್ರ ಬಂತು, ಹೋಯಿತು. ಬಸ್ಸು ಎರಡು ಮೂರು ಕಡೆ ನಿಂತು ಜನ ಹತ್ತಿಸಿಕೊಂಡಿತು. ಅಷ್ಟು ಉದ್ದದ ರಸ್ತೆಯನ್ನು ನಾವು ಜೀವನದಲ್ಲಿ ನೋಡಿಲ್ಲ. ಕಾರು ನಿಂತ ಜಾಗ ಬಂದಾಗ ನಾವೇ "ಇಲ್ಲಿ ನಿಂತ್ಹೋಯ್ತು" ಅಂದೆವು. ಅಪ್ಪ ಬೈಯಲಿಲ್ಲ. ಮನೆಗೆ ಬಂದವರೇ ಅಂಗಿ ಬಿಚ್ಚಿ ಮೊಳೆಗೆ ಹಾಕಿ ಮಗ್ಗದ ಹತ್ತಿರ ಹೋದರು.

ಆ ರಾತ್ರಿ ಊಟಕ್ಕೆ ಕೂತಾಗ ನಾವೇ ಬಾಯಿಬಿಟ್ಟು ಹೇಳಿದೆವು. ಕೆಂಪು ದೀಪದ ವಿಷಯ, ರಟ್ಟಿನ ವಿಷಯ, ಎಲ್ಲಾ. ಕಾರನ್ನು ಗುಜರಿಗೆ ಹಾಕಿಬಿಡೋಣ ಅಂತಲೂ ಹೇಳಿದೆವು. ನಿಜ ಹೇಳಬೇಕೆಂದರೆ, ಅದು ಕಣ್ಣ ಮುಂದೆ ಇಲ್ಲದಿದ್ದರೆ ಸಾಕು ಅನ್ನಿಸಿತ್ತು. ಅಪ್ಪ ಅನ್ನ ಕಲಸುತ್ತಾ, "ಬ್ಲಾಕ್ ಚೆನ್ನಾಗೈತಲ್ಲ. ಕ್ರ್ಯಾಂಕ್ ಹುಡುಕ್ರಿ" ಅಂದರು.

ಇನ್ನೊಂದು ಕ್ರ್ಯಾಂಕ್ ಹುಡುಕಿ

ಅಂಬಾಸಿಡರ್ 1958ರಿಂದ ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. 2014ರ ಮೇ ತಿಂಗಳಲ್ಲಿ ನಿಂತಿತು. ಹೊಸ ಕ್ರ್ಯಾಂಕ್ ಕೇಳಿಕೊಂಡು ಜೆ.ಸಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದೆವು, ಸಿಗಲಿಲ್ಲ. ಉಳಿದಿದ್ದು ಶಿವಾಜಿನಗರದ ಗುಜರಿ.

ಎಲ್ಲಾ ಅಂಬಾಸಿಡರ್ ಒಂದೇ ಅಂತ ಹೋಗಬೇಡಿ. 1489 ಸಿಸಿಯ ಹಳೇ ಪೆಟ್ರೋಲ್ ಎಂಜಿನ್ ಬೇರೆ, ಡೀಸೆಲ್ ಬೇರೆ, ತೊಂಬತ್ತರ ದಶಕದಲ್ಲಿ ಬಂದ ಇಸುಜು 1.8 ಲೀಟರ್ ಎಂಜಿನ್ ಬೇರೆ. ನಮ್ಮದರಲ್ಲಿ ನಾಲ್ಕು ಪಿಸ್ಟನ್ನಿಗೆ ಮೂರೇ ಮೇನ್ ಬೇರಿಂಗ್. ಈಗಿನ ನಾಲ್ಕು ಸಿಲಿಂಡರ್ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ ಐದು. ಹಳೇ ಕ್ರ್ಯಾಂಕನ್ನು ಜೊತೆಗೇ ಒಯ್ದು, ಪಕ್ಕದಲ್ಲಿಟ್ಟು ಹೋಲಿಸಿ ನೋಡಿದೆವು. ಮೂರನೇ ಸಲ ಹೋದಾಗ ತುಕ್ಕು ಹಿಡಿದ ಒಂದು ಸಿಕ್ಕಿತು. ಬಿರುಕು ಬಂದರೆ ವಾಪಸ್ ತಗೋತೀನಿ ಅಂತ ಮಾತು ಪಡೆದು, ಅದನ್ನು ನೇರ ಅದೇ ಮಿಸ್ತ್ರಿ ಹತ್ತಿರ ಒಯ್ದೆವು.

ಆಯಸ್ಕಾಂತದ ಪರೀಕ್ಷೆಯಲ್ಲಿ ಗೆರೆ ಮೂಡಲಿಲ್ಲ. ಎರಡು ತುದಿ ಆನಿಸಿ, ನಡುವಿಗೆ ಡಯಲ್ ಗೇಜ್ ಇಟ್ಟು ತಿರುಗಿಸಿದರು. ಬಗ್ಗಿರಲಿಲ್ಲ. ಹತ್ತು ಸೈಜ್‌ನಲ್ಲಿತ್ತು. ಇಪ್ಪತ್ತಕ್ಕೆ ಗ್ರೈಂಡ್ ಮಾಡಿಕೊಟ್ಟರು.

ಗ್ರೈಂಡಿಂಗ್ ಆದ ಮೇಲೆ ಮಿಸ್ತ್ರಿ ಮೂರು ವಿಷಯ ಹೇಳಿದರು. ಪಿನ್ನಿನ ಮೂಲೆ ಚೂಪಾಗಿ ಇರಬಾರದು, ದುಂಡಗೆ ಇಳಿಜಾರು ಇರಬೇಕು, ಬಿರುಕು ಹುಟ್ಟುವುದೇ ಆ ಮೂಲೆಯಲ್ಲಿ. ಆಯಿಲ್ ತೂತುಗಳ ಬಾಯಿ ಚೂಪಿದ್ದರೆ ಹೊಸ ಶೆಲ್ಲನ್ನು ಕೆರೆಯುತ್ತದೆ, ಅದನ್ನೂ ನುಣುಪು ಮಾಡಿರಬೇಕು. ಕೊನೆಯದು, ಕ್ರ್ಯಾಂಕಿನ ಒಳಗೆ ಆಯಿಲ್ ಹರಿಯುವ ದಾರಿಯಲ್ಲಿ ಗ್ರೈಂಡಿಂಗ್ ಪುಡಿ ಕೂತಿರುತ್ತದೆ. ಸೀಮೆಎಣ್ಣೆ ಹಾಕಿ, ಗಾಳಿ ಹೊಡೆದು ತೊಳೆಯದೆ ಕೂರಿಸಿದರೆ ಮೊದಲ ದಿನವೇ ಶೆಲ್ ಹೋಗುತ್ತದೆ.

ಊರಿನ ಮೆಕ್ಯಾನಿಕ್‌ಗೆ ನಾವೇ ಹೋಗಿ ನಿಜ ಹೇಳಿ ತಪ್ಪೊಪ್ಪಿಕೊಂಡೆವು. ಅವರು ನಕ್ಕು, "ಎಲ್ರೂ ಒಂದ್ ಕಿಲೋಮೀಟ್ರೇ ಹೇಳೋದು" ಅಂದರು. ಕಾದಿದ್ದ ಮೂರನೇ ರಾಡಿನ ಬಾಯಿ ಅಳೆಸಿದರು, ದುಂಡಗಿರಲಿಲ್ಲ, ಅದನ್ನೂ ಸರಿ ಮಾಡಿಸಿ ಬೋಲ್ಟ್ ಹೊಸದು ಹಾಕಿದರು. ಆಯಿಲ್ ಪಂಪ್ ಬಿಚ್ಚಿ ನೋಡಿದರು. ಶೆಲ್ಲಿಗೆಲ್ಲ ಆಯಿಲ್ ಸವರಿ ಕೂರಿಸಿ, ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದು, ಒಂದೊಂದು ಕ್ಯಾಪ್ ಬಿಗಿದಾಗಲೂ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸಿ ನೋಡಿದರು. ಸ್ಟಾರ್ಟ್ ಮಾಡುವ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೆಂಪು ದೀಪ ಆರುವವರೆಗೆ ಸ್ಟಾರ್ಟರಿನಲ್ಲಿ ಸುತ್ತಿಸಿದರು. ದೀಪ ಆರಿತು. ಆಮೇಲೆಯೇ ಪ್ಲಗ್ ಹಾಕಿದ್ದು.

ಎಲ್ಲಾ ಸೇರಿ ಖರ್ಚು 30,000 ದಾಟಿತು. ಆ ವರ್ಷ ಶೆಡ್ಡಿನ ಮೇಲಿನ ಶೀಟ್ ಬದಲಿಸಬೇಕು ಅಂತ ಅಮ್ಮ ಕೂಡಿಟ್ಟ ದುಡ್ಡು ಅದು. ಮಳೆಗಾಲದಲ್ಲಿ ಎರಡನೇ ಮಗ್ಗದ ಮೇಲೆ ಈಗಲೂ ಟಾರ್ಪಾಲು ಕಟ್ಟುತ್ತೇವೆ.

ಹಳೇ ಗಾಡಿ ಇಟ್ಟುಕೊಂಡವರಿಗೆ

ಕ್ರ್ಯಾಂಕ್ ರಿಪೇರಿಯೋ, ಬದಲಿಯೋ ಅಂತ ಯಾರಾದರೂ ಕೇಳಿದರೆ ನಾವು ಹೇಳುವುದು ಇಷ್ಟು. ಮೊದಲು ಇಳಿಸಿ ಅಳೆಸಿ. ಬಿರುಕಿಲ್ಲ, ಸೈಜ್ ಬಾಕಿ ಇದೆ ಅಂದರೆ ಗ್ರೈಂಡಿಂಗ್. ಬಿರುಕಿದೆ, ಅಥವಾ ಕೊನೆಯ ಸೈಜ್ ದಾಟಿದೆ ಅಂದರೆ ಬದಲಿ. ಹಳೆಯದು ತರುವುದಾದರೆ ಅದಕ್ಕೂ ಬಿರುಕಿನ ಪರೀಕ್ಷೆ ಮಾಡಿಸಿ. ಎಂಜಿನ್ ನಂಬರ್ ಇರುವುದು ಬ್ಲಾಕಿನ ಮೇಲೆ. ಕ್ರ್ಯಾಂಕ್ ಬದಲಿಸಿದರೆ ಆರ್‌ಸಿಯಲ್ಲಿ ಏನೂ ಬದಲಾಗುವುದಿಲ್ಲ. ಇಡೀ ಎಂಜಿನ್ ಬದಲಿಸಿದರೆ ನಂಬರ್ ಬೇರೆ ಆಗುತ್ತದೆ, ಆರ್‌ಟಿಒ ಅನುಮತಿ ಬೇಕು. 15 ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಇದ್ದೇ ಇದೆ, ಆಗ ನಂಬರ್ ಹೊಂದದಿದ್ದರೆ ತೊಂದರೆ.

ಕೂರಿಸಿದ ಮೇಲೆ ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಿ, ಜಾಸ್ತಿ ಹೇರಬೇಡಿ. 500 ಕಿಲೋಮೀಟರಿಗೆ ಒಮ್ಮೆ ಆಯಿಲ್ ಬದಲಿಸಿಬಿಡಿ. ಟ್ರ್ಯಾಕ್ಟರ್, ಪಂಪ್‌ಸೆಟ್ ಎಂಜಿನ್, ಟಿಲ್ಲರ್ ಇರುವವರಿಗೂ ಇದೇ ಮಾತು. ಅವುಗಳ ಒಳಗೂ ಇಂಥದೇ ಒಂದು ಕ್ರ್ಯಾಂಕ್ ಇದೆ.

ಈಗ ಕಾರಿನ ಕೆಳಗೆ ರಟ್ಟು ಇಲ್ಲ. ಹಳೇ ಎಂಜಿನ್, ಅಲ್ಲೊಂದು ಇಲ್ಲೊಂದು ಹನಿ ಈಗಲೂ ಬೀಳುತ್ತದೆ. ಬಿದ್ದರೆ ಕಾಣಲಿ ಅಂತ ನೆಲವನ್ನು ಹಾಗೇ ಬಿಟ್ಟಿದ್ದೇವೆ. ಪ್ರತಿ ಭಾನುವಾರ ಬೆಳಿಗ್ಗೆ ಡಿಪ್ ಸ್ಟಿಕ್ ಎಳೆದು ನೋಡುತ್ತೇವೆ. ಅಪ್ಪ ಶೆಡ್ಡಿನ ಒಳಗಿಂದಲೇ "ಎಷ್ಟೈತೆ?" ಅಂತ ಕೂಗಿ ಕೇಳುತ್ತಾರೆ. ಎಷ್ಟಿದೆಯೋ ಅಷ್ಟೇ ಹೇಳುತ್ತೇವೆ.

ನಿಮ್ಮ ಗಾಡಿಯಲ್ಲಿ ಕೆಂಪು ದೀಪ ಹತ್ತಿದರೆ, ಸದ್ದು ಬದಲಾದರೆ, ಊರು ಎಷ್ಟೇ ಹತ್ತಿರ ಇರಲಿ, ಮೊದಲು ಬಂದ್ ಮಾಡಿ. ಯಾರಿಗಾದರೂ ಫೋನ್ ಮಾಡಿ, ಹಗ್ಗ ತರಿಸಿ. ಅಷ್ಟರಲ್ಲಿ ಓಡಿಸಿಬಿಟ್ಟಿದ್ದರೆ, ಮೆಕ್ಯಾನಿಕ್ ಎಷ್ಟು ದೂರ ಅಂತ ಕೇಳಿದಾಗ ಹದಿನಾಲ್ಕನ್ನು ಹದಿನಾಲ್ಕು ಅಂತಲೇ ಹೇಳಿ.